ಮಾಹಿತಿ ಇದೆ, ವಾದ ಎಲ್ಲಿದೆ?

ಮೊದಲ ಪ್ರಬಂಧಗಳು ತಿದ್ದಿ ಕೈಗೆ ಬಂದ ವಾರ ಆಪ್ತಸಲಹೆಯ ಕೋಣೆಯ ಮುಂದೆ ಬೆಂಚು ಖಾಲಿ ಇರುವುದಿಲ್ಲ. ಪ್ರತಿ ಸೆಮಿಸ್ಟರಿನಲ್ಲೂ ಇದೇ. ಕಳಿಸಿಕೊಟ್ಟ ಮೇಷ್ಟ್ರು ಚೀಟಿಯಲ್ಲಿ ‘ಆತ್ಮವಿಶ್ವಾಸ ಕಡಿಮೆ’, ‘ಕೀಳರಿಮೆ’, ‘ತರಗತಿಯಲ್ಲಿ ಬಾಯಿ ಬಿಡುವುದಿಲ್ಲ’ ಎಂದು ಬರೆದಿರುತ್ತಾರೆ. ಕೂರಿಸಿ ಮಾತಾಡಿಸಿದರೆ ಬಹುಪಾಲು ಮಕ್ಕಳ ಮನಸ್ಸು ಚೆನ್ನಾಗಿಯೇ ಇದೆ. ಪ್ರಬಂಧ ಬರೆಯುವ ಕಸುಬನ್ನು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ. ಹೇಳಿಕೊಡದ ಕೆಲಸಕ್ಕೆ ಕಡಿಮೆ ಅಂಕ ಕೊಟ್ಟು, ಆ ಅಂಕದಿಂದ ಕುಗ್ಗಿದ ಮೇಲೆ ಸ್ಥೈರ್ಯ ತುಂಬಿ ಎಂದು ನಮ್ಮ ಬಳಿ ಕಳಿಸುವುದು ನನಗೆ ಸರಿ ಕಾಣುವುದಿಲ್ಲ. ಅದಕ್ಕೇ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ವಿದ್ಯಾರ್ಥಿನಿಯ ಒಪ್ಪಿಗೆ ಇದೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ಆಕೆ ಎಂಎ ಇತಿಹಾಸದ ಎರಡನೇ ಸೆಮಿಸ್ಟರಿನವಳು. ಚಿತ್ರದುರ್ಗದ ಕಡೆಯ ಮಳೆ ನೆಚ್ಚಿದ ಹಳ್ಳಿ, ಪದವಿಯವರೆಗೂ ಕನ್ನಡ ಮಾಧ್ಯಮ, ಈಗ ಹಾಸ್ಟೆಲು. ಈ ವಿಭಾಗದಲ್ಲಿ ಪ್ರಬಂಧವನ್ನು ಇಂಗ್ಲಿಷಿನಲ್ಲೇ ಕೊಡಬೇಕು. ಪ್ರಶ್ನೆ: ‘1974ರ ಭೂಸುಧಾರಣೆ ಕರ್ನಾಟಕದ ಗ್ರಾಮ ಸಮಾಜವನ್ನು ಎಷ್ಟರ ಮಟ್ಟಿಗೆ ಬದಲಿಸಿತು?’ 2,500 ಪದದ ಮಿತಿ. ಬಂದದ್ದು 25ಕ್ಕೆ 9. ಕೆಂಪು ಶಾಯಿಯಲ್ಲಿ ಒಂದೇ ಸಾಲು: ‘ಮಾಹಿತಿ ಇದೆ, ವಾದ ಎಲ್ಲಿದೆ?’ ಅದರ ಕೆಳಗೆ ಬೇರೆಯವರ ಬರಹಗಳೊಂದಿಗೆ ಸಾಫ್ಟ್‌ವೇರ್ ತೋರಿಸಿದ ಹೋಲಿಕೆ, ಶೇ 38. ಮತ್ತೆ ಬರೆದು ಕೊಡಲು ಹನ್ನೆರಡು ದಿನ ಕೊಟ್ಟಿದ್ದರು.

ಇಂಥ ಸಂದರ್ಭದಲ್ಲಿ ಮೊದಲು ಕೇಳಬೇಕಾದ್ದನ್ನು ಮೊದಲೇ ಕೇಳಿದೆ: ನಿದ್ದೆ, ಊಟ, ಮನೆಯ ಸ್ಥಿತಿ, ಬದುಕೇ ಬೇಡ ಅನ್ನಿಸಿದ್ದುಂಟೇ. ಎರಡು ರಾತ್ರಿ ನಿದ್ದೆ ಕೆಟ್ಟದ್ದು ಬಿಟ್ಟರೆ ಗಾಬರಿಪಡುವಂಥದ್ದು ಏನೂ ಇರಲಿಲ್ಲ. ಇದ್ದದ್ದು ಮೂರು ತೀರ್ಮಾನಗಳು, ಆಕೆಯೇ ಮಾಡಿಕೊಂಡವು. ಒಂದು, ನನ್ನ ಇಂಗ್ಲಿಷ್ ಸರಿಯಿಲ್ಲ. ಎರಡು, ಓದಿದ್ದು ಸಾಲದು. ಮೂರು, ಶೇ 10 ದಾಟಿದರೆ ಡಿಬಾರ್ ಮಾಡುತ್ತಾರೆ.

ಮೂರನೆಯದನ್ನು ಅಲ್ಲೇ ಇತ್ಯರ್ಥ ಮಾಡಬಹುದಿತ್ತು. ಹಾಸ್ಟೆಲುಗಳಲ್ಲಿ ಓಡಾಡುವ ಈ ಸುದ್ದಿಗೆ ಮೂಲ ಯುಜಿಸಿಯ 2018ರ ಕೃತಿಚೌರ್ಯ ತಡೆ ನಿಯಮಾವಳಿ. ಅದರಲ್ಲಿ ಹೋಲಿಕೆ ಶೇ 10ರವರೆಗೆ ಇದ್ದರೆ ದಂಡವಿಲ್ಲ. 10ರಿಂದ 40 ಇದ್ದರೆ ಆರು ತಿಂಗಳು ಮೀರದ ಅವಧಿಯೊಳಗೆ ತಿದ್ದಿ ಕೊಡಬೇಕು. 40ರಿಂದ 60 ಆದರೆ ಒಂದು ವರ್ಷ ಸಲ್ಲಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಆದರೆ ಇದು ಮಹಾಪ್ರಬಂಧ, ಡಿಸರ್ಟೇಶನ್, ಸಂಶೋಧನಾ ಲೇಖನಗಳಂಥವಕ್ಕೆ ಮಾಡಿದ ನಿಯಮ. ಅಸೈನ್‌ಮೆಂಟು, ಟರ್ಮ್ ಪೇಪರು, ತರಗತಿಯ ಪ್ರಬಂಧ, ಉತ್ತರಪತ್ರಿಕೆ ಇವನ್ನು ಅದೇ ನಿಯಮಾವಳಿ ಹೊರಗಿಟ್ಟಿದೆ. ಸರಿಯಾಗಿ ಮೂಲ ತೋರಿಸಿದ ಉದ್ಧರಣೆ, ಗ್ರಂಥಸೂಚಿ, ಕಾಕತಾಳೀಯವಾಗಿ ಹೊಂದಿದ ಸತತ 14 ಪದಗಳವರೆಗಿನ ತುಣುಕು ಇವೂ ಲೆಕ್ಕಕ್ಕಿಲ್ಲ. ತರಗತಿಯ ಪ್ರಬಂಧಕ್ಕೆ ವಿಭಾಗದ್ದೇ ನಿಯಮ ಇರುತ್ತದೆ, ಅದನ್ನು ವಿಭಾಗದಲ್ಲೇ ಕೇಳಬೇಕು. ಹಾಗಂತ ಶೇ 38 ಏನೂ ಅಲ್ಲ ಎಂದು ನಾನು ಹೇಳಲಿಲ್ಲ. ಆಕೆಯ ಪುಟಗಳನ್ನು ನೋಡಿದರೆ ಸಾಲುಸಾಲೇ ಎತ್ತಿದ್ದು ಕಾಣುತ್ತಿತ್ತು.

ಅದನ್ನು ಇಳಿಸಲು ಆಕೆ ಮಾಡಿದ ಉಪಾಯ ಇನ್ನೊಂದು ಎಡವಟ್ಟು. ಜೆರಾಕ್ಸ್ ಅಂಗಡಿಯಲ್ಲಿ ದುಡ್ಡು ಕೊಟ್ಟು, ಪದ ಬದಲಿಸುವ ತಂತ್ರಾಂಶದಲ್ಲಿ ಇಡೀ ಪ್ರಬಂಧವನ್ನು ಹಾಯಿಸಿ ತಂದಿದ್ದಳು. ‘ಲ್ಯಾಂಡ್ ರಿಫಾರ್ಮ್’ ಹೋಗಿ ‘ಸಾಯಿಲ್ ಇಂಪ್ರೂವ್‌ಮೆಂಟ್’ ಆಗಿತ್ತು. ‘ಲ್ಯಾಂಡ್ ಸೀಲಿಂಗ್’, ಅಂದರೆ ಭೂ ಹಿಡುವಳಿಯ ಮಿತಿ, ಇದ್ದಲ್ಲಿ ‘ಗ್ರೌಂಡ್ ರೂಫ್’. ಓದುತ್ತಾ ಇಬ್ಬರೂ ನಕ್ಕೆವು. ಈ ನಗುವಿಗೂ ಒಂದು ಬೆಲೆ ಇತ್ತು. ಆ ಪ್ರತಿಯನ್ನು ಆಕೆಯೇ ಹರಿದಳು.

ಎರಡನೇ ಭೇಟಿಯಲ್ಲಿ ಫೈಲು ಮುಚ್ಚಿಸಿ, ಫೋನು ಮಗುಚಿ ಇಡಿಸಿ, “ನೀನು ಬರೆದಿದ್ದೇನು ಅಂತ ಕನ್ನಡದಲ್ಲಿ ಹೇಳಮ್ಮ” ಅಂದೆ. ಶುರುವಾಯಿತು: “ದೇವರಾಜ ಅರಸುರವರು 1972ರಲ್ಲಿ ಮುಖ್ಯಮಂತ್ರಿಯಾದರು, ಹಿಂದುಳಿದ ವರ್ಗಗಳ ಹರಿಕಾರರು, ಹಾವನೂರು ಆಯೋಗ ರಚಿಸಿದರು, ಉಳುವವನೇ ಹೊಲದೊಡೆಯ ಎಂಬ...” ಗೈಡು ಬಾಯಿಪಾಠ ಒಪ್ಪಿಸಿದ ಹಾಗಿತ್ತು. ತಡೆದು ಕೇಳಿದೆ: “ಅದಿರಲಿ, ನಿಮ್ಮೂರಲ್ಲಿ ಯಾರ್ಯಾರಿಗೆ ಭೂಮಿ ಬಂತು?”

ಹುಡುಗಿಯ ದನಿಯೇ ಬದಲಾಯಿತು. “ನಮ್ಮೂರಾಗೆ ಯಾರಿಗೂ ಬರ್ಲಿಲ್ಲ ಮೇಡಂ. ಗೇಣಿಗೆ ಮಾಡೋರು ಇದ್ರೆ ತಾನೆ ಬರೋಕೆ? ಇದ್ದೋರಿಗೆ ಅವರವರದ್ದೇ ಎರಡೆಕರೆ, ಮೂರೆಕರೆ. ಇಲ್ದೋರು ಕೂಲಿ. ಕೂಲಿ ಮಾಡೋರಿಗೆ ಫಾರಂ ಎಲ್ಲಿತ್ತು?”

“ಇದನ್ನ ಯಾಕೆ ಬರೀಲಿಲ್ಲ?”

“ಇದು ನನ್ ಮಾತಲ್ಲವಾ ಮೇಡಂ. ನನ್ ಮಾತಿಗೆ ಯಾರು ಮಾರ್ಕ್ಸ್ ಕೊಡ್ತಾರೆ?”

ಈ ಪ್ರಕರಣದಲ್ಲಿ ನನ್ನನ್ನು ಕಾಡಿದ್ದು ಈ ಉತ್ತರ. ಇಷ್ಟು ವರ್ಷದ ಓದಿನಲ್ಲಿ ಆಕೆ ಕಲಿತದ್ದು ಇದನ್ನೇ: ಪುಸ್ತಕದಲ್ಲಿರುವುದನ್ನು ಪುಸ್ತಕದಲ್ಲಿದ್ದ ಹಾಗೇ ಇಳಿಸಿದರೆ ಅಂಕ, ತನ್ನದನ್ನು ಸೇರಿಸಿದರೆ ಕಡಿತ. ಪಿಯುಸಿಯಲ್ಲಿ, ಪದವಿಯಲ್ಲಿ ಪರೀಕ್ಷೆ ಮುಗಿಸಿ ಹೊರಗೆ ಬಂದವರು ಒಬ್ಬರನ್ನೊಬ್ಬರು ಕೇಳುವುದು “ಎಷ್ಟು ಅಡಿಷನಲ್ ಶೀಟ್ ತಗೊಂಡೆ?” ಅಂತ. ಪಾಯಿಂಟ್ ಹಾಕಿ, ಅಡಿಗೆರೆ ಎಳೆದು, ಪುಟ ತುಂಬಿಸುವುದು ಅಲ್ಲಿ ಬುದ್ಧಿವಂತಿಕೆ. ಎಂಎಗೆ ಬಂದ ದಿನ ಆಟದ ನಿಯಮ ಬದಲಾಗುತ್ತದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ತಮಾಷೆಯೆಂದರೆ, ಆಕೆ ಜೆರಾಕ್ಸ್ ಮಾಡಿಸಿಟ್ಟುಕೊಂಡ ಒಂದು ಲೇಖನದಲ್ಲೇ ಕೂಲಿಕಾರರು ಈ ಕಾನೂನಿನ ಹೊರಗುಳಿದರು ಎಂಬ ಮಾತು ಪುಟಗಟ್ಟಲೆ ಇತ್ತು. ಹಳದಿ ಮಾರ್ಕರ್ ಬಿದ್ದದ್ದು ಇಸವಿಗಳ ಮೇಲೆ ಮಾತ್ರ.

ಆ ದಿನ ಉಳಿದ ಸಮಯವನ್ನೆಲ್ಲ ಒಂದೇ ವಾಕ್ಯಕ್ಕೆ ಕೊಟ್ಟೆವು. ಕಾನೂನಿನ ಚೌಕಟ್ಟು ಆಕೆಗೆ ಗೊತ್ತಿತ್ತು: ಮೂಲ ಕಾಯಿದೆ 1961ರದ್ದು, ಜಾರಿಗೆ ಬಂದದ್ದು 1965ರಲ್ಲಿ. ತಿದ್ದುಪಡಿ 1974ರ ಮಾರ್ಚ್ 1ರಿಂದ. ಅಂದಿಗೆ ಗೇಣಿಯಲ್ಲಿದ್ದ ಜಮೀನು ಸರ್ಕಾರಕ್ಕೆ ಸೇರಿತು. ಗೇಣಿದಾರ ನಮೂನೆ 7ರಲ್ಲಿ ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿ ಹಕ್ಕು ಕೇಳಬೇಕಿತ್ತು. ಕೊನೆಯ ಗಡುವು 1979ರ ಜೂನ್ 30. “ಹಾಗಾದರೆ ಅರ್ಜಿ ಹಾಕಬಹುದಾಗಿದ್ದವರು ಯಾರು?” ಎಂದು ಕೇಳಿದೆ. ಗೇಣಿದಾರರು. “ಅವರು ಹೆಚ್ಚಿದ್ದದ್ದು ಎಲ್ಲಿ?” ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗದ ಕಡೆ. ಆಗ ಆಕೆಯ ಮೊದಲ ವಾಕ್ಯ ಬಂತು: ‘1974ರ ಭೂಸುಧಾರಣೆ ಯಶಸ್ವಿಯಾಯಿತು, ಆದರೆ ಕೆಲವು ಕೊರತೆಗಳೂ ಇದ್ದವು.’

ಇದು ವಾದವಲ್ಲ. ನೂರರಲ್ಲಿ ತೊಂಬತ್ತು ಪ್ರಬಂಧಗಳು ಇಲ್ಲೇ ನಿಲ್ಲುತ್ತವೆ ಎಂದರೆ ಅತಿಶಯೋಕ್ತಿಯೇನಲ್ಲ. ಪರೀಕ್ಷೆ ಸರಳ: ವಿಷಯ ಬಲ್ಲ ಒಬ್ಬರು ಈ ವಾಕ್ಯ ಓದಿ “ಇಲ್ಲ, ನಾನು ಒಪ್ಪುವುದಿಲ್ಲ” ಅನ್ನಲು ಸಾಧ್ಯವೇ? ಯಾವ ಕಾನೂನಿನ ಬಗ್ಗೆಯೂ ಹೇಳಬಹುದಾದ ಮಾತನ್ನು ಯಾರು ತಾನೇ ಅಲ್ಲಗಳೆದಾರು? ಎರಡನೇ ಪರೀಕ್ಷೆ, ವಾಕ್ಯದಲ್ಲಿ ‘ಏಕೆಂದರೆ’ ಇದೆಯೇ? ನಾಲ್ಕು ಸಲ ಹೊಡೆದುಹಾಕಿದ ಮೇಲೆ ಉಳಿದದ್ದು ಇದು: ‘1974ರ ತಿದ್ದುಪಡಿ ಕರಾವಳಿ ಮತ್ತು ಮಲೆನಾಡಿನ ಭೂಸಂಬಂಧವನ್ನು ಬದಲಿಸಿದಷ್ಟು ಬಯಲುಸೀಮೆಯದನ್ನು ಬದಲಿಸಲಿಲ್ಲ, ಏಕೆಂದರೆ ಅದು ಗೇಣಿಯನ್ನು ಮುಟ್ಟಿತು, ಭೂಹೀನತೆಯನ್ನು ಮುಟ್ಟಲಿಲ್ಲ.’ ಪ್ರಶ್ನೆಯಲ್ಲಿದ್ದ ‘ಎಷ್ಟರ ಮಟ್ಟಿಗೆ’ ಎನ್ನುವುದಕ್ಕೆ ಇದರಲ್ಲಿ ಉತ್ತರವಿದೆ: ಎಲ್ಲಿ ಎಷ್ಟು, ಯಾಕೆ ಅಷ್ಟು.

ಮರುದಿನವೇ ಇನ್ನೊಂದು ತೊಡಕು. ಹುರುಪಿನಲ್ಲಿ ಬರೆದುಕೊಂಡು ಬಂದ ಪುಟದಲ್ಲಿ ‘ನಮ್ಮ ಊರಿನಲ್ಲಿ ಯಾರಿಗೂ ಭೂಮಿ ಸಿಗಲಿಲ್ಲ’ ಎಂಬುದನ್ನೇ ಪುರಾವೆಯಾಗಿ ಇಟ್ಟಿದ್ದಳು. ನಿನ್ನ ಮಾತಿಗೆ ಬೆಲೆ ಇದೆ ಎಂದು ಹೇಳಿದ ಬಾಯಲ್ಲೇ ಅದು ಪುರಾವೆಯಲ್ಲ ಎಂದೂ ಹೇಳಬೇಕಾಯಿತು. ಊರಿನ ಅನುಭವ ಪ್ರಶ್ನೆ ಹುಟ್ಟಿಸುತ್ತದೆ. ಉತ್ತರಕ್ಕೆ ತಾಲ್ಲೂಕುವಾರು ಅರ್ಜಿಗಳ ಲೆಕ್ಕ, ಗೆಜೆಟಿಯರು, ಕಾಯಿದೆಯ ಪಠ್ಯ, ಕ್ಷೇತ್ರಾಧ್ಯಯನದ ಲೇಖನ ಬೇಕು. ಕಾಯಿದೆಯನ್ನೇ ತೆರೆದಾಗ ಆಕೆಗೆ ಒಳ್ಳೆಯ ಪುರಾವೆ ಸಿಕ್ಕಿತು: ಐದು ಜನರವರೆಗಿನ ಕುಟುಂಬ ಇಟ್ಟುಕೊಳ್ಳಬಹುದಾದ ಜಮೀನಿನ ಮಿತಿ 10 ಯೂನಿಟ್. ಒಂದು ಯೂನಿಟ್ಟಿಗೆ ಎಷ್ಟು ಎಕರೆ ಎಂಬುದು ಜಮೀನಿನ ವರ್ಗದ ಮೇಲೆ ನಿಂತಿದೆ. ಮಳೆಯನ್ನೇ ನೆಚ್ಚಿದ ಡಿ ವರ್ಗದ ಜಮೀನಾದರೆ ಅದು 54 ಎಕರೆ. ಎರಡು ಮೂರು ಎಕರೆಯವರೇ ತುಂಬಿರುವ ಊರಿನಲ್ಲಿ 54 ಎಕರೆಯ ಮಿತಿಯಿಂದ ಹಂಚಲು ಹೆಚ್ಚುವರಿ ಭೂಮಿ ಎಲ್ಲಿಂದ ಬರಬೇಕು? ಇದು ಆಕೆಯದೇ ತರ್ಕ. ಯಾವ ಸಾಫ್ಟ್‌ವೇರೂ ಇದಕ್ಕೆ ಹೋಲಿಕೆ ತೋರಿಸುವುದಿಲ್ಲ.

ಆಕ್ಷೇಪಕ್ಕೆ ಜಾಗ ಇಡು ಅಂದೆ. ಬಯಲುಸೀಮೆಯಲ್ಲಿ ಗೇಣಿ ಬಾಯಿಮಾತಿನದು, ಪಹಣಿಯಲ್ಲಿ ದಾಖಲಾಗದೇ ಇದ್ದದ್ದು. ಅರ್ಜಿ ಕಡಿಮೆ ಬಂದವು ಅಂದಮಾತ್ರಕ್ಕೆ ಗೇಣಿಯೇ ಇರಲಿಲ್ಲ ಅನ್ನಲಾಗದು ಎಂದು ಯಾರಾದರೂ ಹೇಳಬಹುದು. ಇದು ಗಟ್ಟಿ ಆಕ್ಷೇಪ. “ಇದನ್ನ ಬರೆದರೆ ನನ್ನ ವಾದ ಬಿದ್ದೋಗಲ್ವಾ?” ಎಂದಳು. ಬೀಳುವುದಿಲ್ಲ, ಅಂಚು ಸರಿಹೋಗುತ್ತದೆ. ‘ಗೇಣಿ ಇರಲಿಲ್ಲ’ ಎಂಬ ಹುಂಬ ಮಾತು ‘ದಾಖಲಾದ ಗೇಣಿ ಕಡಿಮೆ ಇತ್ತು, ದಾಖಲಾಗದ್ದನ್ನು ಈ ಕಾನೂನು ಹಿಡಿಯಲಾರದೇ ಹೋಯಿತು’ ಎಂದಾಯಿತು. ಆಕ್ಷೇಪವನ್ನು ಮುಕ್ತಾಯದ ಹಿಂದೆ ಒಂದು ಸಾಲಿನಲ್ಲಿ ಸಿಕ್ಕಿಸಬಾರದು. ಅದು ಯಾವ ಅಂಶವನ್ನು ಕೆಣಕುತ್ತದೋ ಅದರ ಬೆನ್ನಿಗೇ, ಒಂದು ಪೂರ್ತಿ ಪ್ಯಾರಾದಲ್ಲಿ ಬರಬೇಕು.

ಇನ್ನು ಭಾಷೆಯ ಪ್ರಶ್ನೆ. ನನ್ನ ಸಲಹೆಗೆ ಹೆಚ್ಚು ವಿರೋಧ ಬಂದದ್ದು ಇಲ್ಲೇ. ವಾದದ ವಾಕ್ಯ, ಪ್ರತಿ ಪ್ಯಾರಾದ ತಲೆಸಾಲು (ಆ ಪ್ಯಾರಾ ಹೇಳಹೊರಟ ಮಾತು), ಆಕ್ಷೇಪ ಮತ್ತು ಅದಕ್ಕೆ ಉತ್ತರ, ಇಷ್ಟನ್ನೂ ಮೊದಲು ಕನ್ನಡದಲ್ಲೇ ಬರೆದುಕೋ ಎಂದು ಹೇಳಿದ್ದೆ. “ಹೀಗೆ ಮಾಡಿದರೆ ಇಂಗ್ಲಿಷ್ ಯಾವಾಗ ಕಲಿಯುತ್ತಾಳೆ?” ಎಂದು ವಿಭಾಗದಿಂದ ಕೇಳಿದರು. ನನ್ನ ಉತ್ತರ ಆಗಲೂ ಇದೇ, ಈಗಲೂ ಇದೇ: ಏನು ಹೇಳಬೇಕು ಎಂಬುದನ್ನು ಹುಡುಕುವುದು ಒಂದು ಹೊರೆ, ಅದನ್ನು ಪೂರ್ತಿ ಪಳಗದ ಭಾಷೆಯಲ್ಲಿ ಹೇಳುವುದು ಇನ್ನೊಂದು ಹೊರೆ. ಎರಡನ್ನೂ ಒಟ್ಟಿಗೆ ಹೊರಿಸಿದಾಗ ವಿದ್ಯಾರ್ಥಿ ಮೊದಲು ಕೈಬಿಡುವುದು ಯೋಚನೆಯನ್ನು. ಸಿದ್ಧವಾಗಿ ಸಿಗುವ ಇಂಗ್ಲಿಷ್ ಸಾಲುಗಳನ್ನು ಎತ್ತಿಕೊಂಡು ಜಾಗ ತುಂಬಿಸುತ್ತಾರೆ. ಆ ಶೇ 38 ಹುಟ್ಟಿದ್ದು ಹೀಗೆ. ಆದರೆ ಕನ್ನಡದ ಪ್ಯಾರಾವನ್ನು ಸಾಲುಸಾಲಾಗಿ ಅನುವಾದ ಮಾಡಲು ಬಿಡಲಿಲ್ಲ. ಕ್ರಿಯಾಪದ ಕೊನೆಗೆ ಬರುವ ನಮ್ಮ ವಾಕ್ಯದಲ್ಲಿ ವಿಶೇಷಣಗಳನ್ನು ಎಷ್ಟು ಬೇಕಾದರೂ ಪೇರಿಸಬಹುದು. ಹಾಗೇ ಇಂಗ್ಲಿಷಿಗೆ ತಿರುಗಿಸಿದರೆ ಐವತ್ತು ಪದದ, ಕರ್ತೃ ಎಲ್ಲಿದೆಯೋ ತಿಳಿಯದ ವಾಕ್ಯವಾಗುತ್ತದೆ. ಕನ್ನಡದ ಹಾಳೆಯನ್ನು ಪಕ್ಕಕ್ಕಿಟ್ಟು, ಒಂದು ವಾಕ್ಯಕ್ಕೆ ಒಂದೇ ಮಾತು, ಸುಮಾರು 25 ಪದದೊಳಗೆ, ಹೊಸದಾಗಿ ಇಂಗ್ಲಿಷಿನಲ್ಲಿ ಬರೆಯಬೇಕು. ವ್ಯಾಕರಣದ ತಪ್ಪುಗಳನ್ನು ಕಟ್ಟಕಡೆಗೆ ನೋಡಿದರಾಯಿತು. ನಾಳೆ ಹೊಡೆದುಹಾಕುವ ಪ್ಯಾರಾದ ಕಾಗುಣಿತ ತಿದ್ದಿ ಏನು ಫಲ?

ಪದಗಳ ಹಂಚಿಕೆಯನ್ನೂ ಕೂತು ಲೆಕ್ಕ ಹಾಕಿದೆವು. 2,500ರಲ್ಲಿ ಪೀಠಿಕೆಗೆ 200ರಿಂದ 250, ಮುಕ್ತಾಯಕ್ಕೆ 150ರಿಂದ 200. ಉಳಿದ ಎರಡು ಸಾವಿರ ಚಿಲ್ಲರೆಗೆ 170 ಪದದ ಹನ್ನೆರಡು ಪ್ಯಾರಾ. ಹಿನ್ನೆಲೆಗೆ ಎರಡು, ಕರಾವಳಿ–ಮಲೆನಾಡಿಗೆ ಮೂರು, ಬಯಲುಸೀಮೆಗೆ ನಾಲ್ಕು, ಆಕ್ಷೇಪ ಮತ್ತು ಉತ್ತರಕ್ಕೆ ಎರಡು, ಕೂಲಿಕಾರರಿಗೆ ಒಂದು. ಮೊದಲ ಪ್ರತಿಯಲ್ಲಿ ಹಿನ್ನೆಲೆಯೇ 1,400 ಪದ ನುಂಗಿತ್ತು. ‘ಭಾರತವು ಕೃಷಿ ಪ್ರಧಾನ ದೇಶ’ ಎಂದು ಶುರುವಾಗಿ, ಬ್ರಿಟಿಷರ ಕಾಲದ ಕಂದಾಯ ಪದ್ಧತಿಗಳನ್ನೆಲ್ಲ ಸುತ್ತಿ, 1974 ತಲುಪುವ ಹೊತ್ತಿಗೆ ಪದಮಿತಿ ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು. ಪೀಠಿಕೆಯನ್ನು ಕೊನೆಯಲ್ಲಿ ಬರೆ ಎನ್ನುವುದು ಇದಕ್ಕೇ. ಪ್ರಬಂಧ ಏನನ್ನು ಸಾಧಿಸಿದೆ ಎಂದು ಗೊತ್ತಾದ ಮೇಲೆ ಅದನ್ನು ಪರಿಚಯಿಸಲು ಆ 250 ಪದವೇ ಸಾಕು.

ಪ್ಯಾರಾದ ಒಳಗೆ ಕೆಡುವುದು ಒಂದೇ ಜಾಗದಲ್ಲಿ. ತಲೆಸಾಲು ಬರೆಯುತ್ತಾರೆ, ಪುರಾವೆ ಕೊಡುತ್ತಾರೆ, ಅಡಿಟಿಪ್ಪಣಿ ಹಾಕುತ್ತಾರೆ, ಮುಂದಿನ ಪ್ಯಾರಾಗೆ ಹಾರುತ್ತಾರೆ. ಈ ಪುರಾವೆ ಆ ತಲೆಸಾಲನ್ನು ಹೇಗೆ ಎತ್ತಿ ಹಿಡಿಯುತ್ತದೆ ಎಂದು ಹೇಳುವ ಎರಡು ಮೂರು ವಾಕ್ಯಗಳು ಇರುವುದೇ ಇಲ್ಲ. ‘ಡಿ ವರ್ಗದ ಜಮೀನಿಗೆ ಮಿತಿ 54 ಎಕರೆ’ ಎಂಬುದು ಮಾಹಿತಿ. ‘ಆದ್ದರಿಂದ ಸಣ್ಣ ಹಿಡುವಳಿಯ ಒಣಭೂಮಿ ಪ್ರದೇಶದಲ್ಲಿ ಮಿತಿ ಎಂಬುದು ಕಾಗದದ ಮೇಲಷ್ಟೇ ಉಳಿಯಿತು’ ಎಂದಾಗ ಅದು ವಾದಕ್ಕೆ ಸೇರುತ್ತದೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ ಕೇಳಿದ್ದು ಈ ಎರಡು ಮೂರು ವಾಕ್ಯಗಳನ್ನು.

ಟಿಪ್ಪಣಿಗೆ ಉದ್ದ ಪುಸ್ತಕದಲ್ಲಿ ಮೂರು ಅಂಕಣ ಎಳೆಸಿದೆ. ಎಡಕ್ಕೆ ಲೇಖಕರ ಮಾತು, ಉದ್ಧರಣ ಚಿಹ್ನೆಯೊಳಗೆ, ಪುಟಸಂಖ್ಯೆ ಸಮೇತ. ನಡುವೆ ಅದೇ ಮಾತು ತನ್ನ ಪದಗಳಲ್ಲಿ, ಪುಸ್ತಕ ಮುಚ್ಚಿಟ್ಟು ಬರೆದದ್ದು. ಬಲಕ್ಕೆ ‘ಇದು ನನಗೆ ಯಾಕೆ ಬೇಕು’. ತೆರೆದ ಪುಸ್ತಕ ನೋಡುತ್ತಾ ಪದ ಬದಲಿಸುವುದು ಸ್ವಂತ ಬರಹವಾಗುವುದಿಲ್ಲ, ವಾಕ್ಯದ ಎಲುಬು ಲೇಖಕರದ್ದೇ ಉಳಿದಿರುತ್ತದೆ. ಮುಚ್ಚಿ ಬರೆದು, ಆಮೇಲೆ ತೆರೆದು, ಅರ್ಥ ತಪ್ಪಿಲ್ಲ ತಾನೇ ಎಂದು ತಾಳೆ ನೋಡಬೇಕು. ತನ್ನ ಮಾತಿನಲ್ಲೇ ಬರೆದರೂ ವಿಚಾರ ಅವರದ್ದಾದ್ದರಿಂದ ಅಡಿಟಿಪ್ಪಣಿ ಬೇಕೇ ಬೇಕು. ಈ ಒಂದನ್ನು ಎರಡೆರಡು ಸಲ ಹೇಳಬೇಕಾಗುತ್ತದೆ. ಬಲಗಡೆಯ ಅಂಕಣ ಖಾಲಿ ಉಳಿದರೆ ಆ ಟಿಪ್ಪಣಿ ಪ್ರಬಂಧಕ್ಕೆ ಬರಬೇಕಿಲ್ಲ. ಲೇಖಕರು, ಶೀರ್ಷಿಕೆ, ಪ್ರಕಾಶಕರು, ಊರು, ವರ್ಷ, ಪುಟ ಇವನ್ನು ಓದಿದ ದಿನವೇ ಬರೆದಿಡದಿದ್ದರೆ ಸಲ್ಲಿಸುವ ಹಿಂದಿನ ರಾತ್ರಿ ಗ್ರಂಥಾಲಯದ ಬಾಗಿಲು ಮುಚ್ಚಿರುತ್ತದೆ.

ಎಐ ಬಗ್ಗೆ ಕೇಳಿದಳು, ಎಲ್ಲರೂ ಕೇಳುತ್ತಾರೆ. ವಿಭಾಗ ಅನುಮತಿಸಿದರೆ ಬರೆದು ಮುಗಿಸಿದ ಮೇಲೆ ವ್ಯಾಕರಣ ತೋರಿಸಿಕೊಳ್ಳಲಿ, ನನ್ನ ಅಭ್ಯಂತರವಿಲ್ಲ. ವಾದ ಹುಡುಕಿಕೊಡು ಎಂದರೆ ಅದು ಕೊಡುವುದು ಆ ‘ಯಶಸ್ವಿಯಾಯಿತು, ಆದರೆ ಕೊರತೆಗಳೂ ಇದ್ದವು’ ಜಾತಿಯ ವಾಕ್ಯವನ್ನೇ. ಆಕರ ಕೇಳಿದರೆ ಇಲ್ಲದ ಪುಸ್ತಕವನ್ನು ಪುಟಸಂಖ್ಯೆಯೊಂದಿಗೆ ಸೃಷ್ಟಿಸುವುದೂ ಉಂಟು.

ಹನ್ನೆರಡು ದಿನದಲ್ಲಿ ಐದು ದಿನ ಓದು. ಆರನೇ ದಿನ ಪುಸ್ತಕ ಮುಟ್ಟಕೂಡದು, ವಾದ ಮತ್ತು ತಲೆಸಾಲುಗಳು ಮಾತ್ರ. ಆಮೇಲೆ ಮೂರು ದಿನ ಕರಡು, ಒಂದು ದಿನ ಬಿಡುವು, ಎರಡು ದಿನ ತಿದ್ದುವುದು. ‘ಓದಿದ್ದು ಸಾಲದು’ ಎನ್ನುವವರಿಗೆ ಆರನೇ ದಿನ ಬಹಳ ಕಷ್ಟ. ಬರೆಯುವುದನ್ನು ಮುಂದೂಡಲು ಓದುವುದಕ್ಕಿಂತ ಗೌರವಾನ್ವಿತ ನೆಪ ಇನ್ನೊಂದಿಲ್ಲ. ಆಕೆ ಆ ದಿನ ಕದ್ದು ಎರಡು ಲೇಖನ ಓದಿದಳಂತೆ.

ತಿದ್ದುವಾಗ ಮಾಡಿಸಿದ್ದು ಒಂದೇ ಕೆಲಸ. ಅಚ್ಚು ಹಾಕಿದ ಕರಡಿನ ಅಂಚಿನಲ್ಲಿ, ಪ್ರತಿ ಪ್ಯಾರಾ ಏನು ಹೇಳುತ್ತದೆ ಎಂದು ಒಂದು ಸಾಲು ಪೆನ್ಸಿಲ್ಲಿನಲ್ಲಿ. ಒಂದು ಪ್ಯಾರಾಗೆ ಎರಡು ಸಾಲು ಬೇಕಾದರೆ ಅದನ್ನು ಒಡೆಯಬೇಕು. ಎರಡು ಪ್ಯಾರಾಗೆ ಒಂದೇ ಸಾಲು ಬಂದರೆ ಕೂಡಿಸಬೇಕು. ‘ಅರಸು ಅವರ ಬಗ್ಗೆ’ ಎಂದಷ್ಟೇ ಬರೆಯಲು ಸಾಧ್ಯವಾದರೆ ಆ ಪ್ಯಾರಾ ಏನನ್ನೂ ಹೇಳುತ್ತಿಲ್ಲ. ಆಕೆಗೆ ಅಂಥವು ಮೂರು ಸಿಕ್ಕವು. ಹಾವನೂರು ಆಯೋಗದ ಪ್ಯಾರಾವನ್ನು ತೆಗೆಯುವಾಗ ಜೀವ ಹೋದಂತೆ ಮಾಡಿದಳು: “ಎಷ್ಟು ಕಷ್ಟಪಟ್ಟು ಹುಡುಕಿದ್ದು ಮೇಡಂ.” ಆಯೋಗ 1972ರಲ್ಲಿ ರಚನೆಯಾಗಿ 1975ರಲ್ಲಿ ವರದಿ ಕೊಟ್ಟದ್ದು ನಿಜ, ಮುಖ್ಯವೂ ಹೌದು, ಮೀಸಲಾತಿಯ ಪ್ರಬಂಧಕ್ಕೆ ಅದನ್ನು ಎತ್ತಿಡು ಅಂದೆ. ಅಂಚಿನ ಸಾಲುಗಳನ್ನಷ್ಟೇ ಮೇಲಿನಿಂದ ಕೆಳಕ್ಕೆ ಗಟ್ಟಿಯಾಗಿ ಓದಿಸಿದಾಗ ಎರಡು ಕಡೆ ನಾಲಿಗೆ ತಡವರಿಸಿತು. ಆ ಎರಡು ಪ್ಯಾರಾಗಳ ಜಾಗ ಅದಲುಬದಲಾಯಿತು.

ಆಪ್ತಸಲಹೆಗಾರರ ಕೆಲಸ ಮನಸ್ಸನ್ನು ನೋಡುವುದು, ಪ್ರಬಂಧ ತಿದ್ದುವುದಲ್ಲ ಎಂದು ಹೇಳುವ ಸಹೋದ್ಯೋಗಿಗಳಿದ್ದಾರೆ. ಆಕೆಯ ಒಂದು ವಾಕ್ಯವನ್ನೂ ನಾನು ಬರೆದುಕೊಡಲಿಲ್ಲ, ಪೆನ್ನು ಮುಟ್ಟಲಿಲ್ಲ. ಆದರೆ ಸೋಲು ಎಲ್ಲಿ ಆಯಿತೆಂದು ತೋರಿಸದೆ ‘ನಿನ್ನಿಂದ ಆಗುತ್ತೆ’ ಎಂದು ಬೆನ್ನು ತಟ್ಟಿ ಕಳಿಸಿದ್ದರೆ, ಮುಂದಿನ ಪ್ರಬಂಧಕ್ಕೂ 9 ಬಂದು, ಆಗ ನಿಜವಾಗಿಯೂ ಕೀಳರಿಮೆ ಹುಟ್ಟುತ್ತಿತ್ತು. ಅಧ್ಯಾಪಕರಲ್ಲಿ ಒಂದು ಕೋರಿಕೆ ಇದೆ: ‘ವಾದ ಎಲ್ಲಿದೆ?’ ಎಂದು ಬರೆಯುವಾಗ, ವಾದ ಇರಬಹುದಾಗಿದ್ದ ಒಂದು ಪ್ಯಾರಾದ ಪಕ್ಕ ಬಾಣ ಹಾಕಿ ‘ಇದರಿಂದ ಏನು ತಿಳಿಯಿತು? ಎರಡು ವಾಕ್ಯ ಬರೆ’ ಎಂದು ಸೇರಿಸಿ. ಅರ್ಧ ನಿಮಿಷದ ಕೆಲಸ.

ಮರುಸಲ್ಲಿಕೆಗೆ 25ಕ್ಕೆ 16 ಬಂತು. ಹೋಲಿಕೆ ಶೇ 7, ಅದರಲ್ಲಿ ಬಹುಪಾಲು ಕಾಯಿದೆಯ ಹೆಸರು ಮತ್ತು ಗ್ರಂಥಸೂಚಿ. ಈ ಬಾರಿಯ ಕೆಂಪು ಶಾಯಿ ಕಾಲಂ ತುಂಬ ಇತ್ತು: ನಾಲ್ಕನೇ ಪ್ಯಾರಾದ ಅಂಕಿಗೆ ಮೂಲ ಕೊಟ್ಟಿಲ್ಲ, ‘ಬಯಲುಸೀಮೆ’ ಎಂದರೆ ಯಾವ ಯಾವ ಜಿಲ್ಲೆ ಎಂದು ಹೇಳಿಲ್ಲ, ಹೈದರಾಬಾದ್ ಕರ್ನಾಟಕದ ಗೇಣಿಯನ್ನು ಬಿಟ್ಟದ್ದೇಕೆ? ಹುಡುಗಿ ಮತ್ತೆ ಬಂದಳು, ಮುಖ ಚಿಕ್ಕದಾಗಿತ್ತು. ಈ ಮೂರೂ ಆಕೆಯ ವಾದದ ಜೊತೆ ಜಗಳವಾಡುವ ಪ್ರಶ್ನೆಗಳು ಎಂದು ತೋರಿಸಿದೆ. ಒಂದಕ್ಕೆ ಆಗಲೇ ಆಕೆಯ ಹತ್ತಿರ ಉತ್ತರವಿತ್ತು. ಮೂರನೆಯದಕ್ಕೆ ಇರಲಿಲ್ಲ, ಕಲಬುರಗಿಯ ಗೆಜೆಟಿಯರ್ ಗ್ರಂಥಾಲಯದಲ್ಲಿ ಇದೆಯಾ ಎಂದು ವಿಚಾರಿಸಲು ಹೋದಳು.